ಮೊದಲ ಪಾಲು: ಕ್ರೈಸ್ತ ಗೃಹಜೀವನದಲ್ಲಿ ದೇವರ ಅಗ್ರಸ್ಥಾನ



ಎಲ್ಲಕ್ಕೂ ಮೊದಲು ದೇವರೆಂಬ ಮಾತನ್ನು ಒಪ್ಪದ ಕ್ರೈಸ್ತನನ್ನು ನಾನು ಕಂಡಿಲ್ಲ. ಲಗ್ನಪತ್ರಿಕೆಯ ನೆತ್ತಿಯ ಮೇಲೆ, ಹೊಸ ಟ್ರ್ಯಾಕ್ಟರಿನ ಹಣೆಯ ಮೇಲೆ, ಕಿರಾಣಿ ಅಂಗಡಿಯ ಖಾತೆಪುಸ್ತಕದ ಮೊದಲ ಹಾಳೆಯ ಮೇಲೆ ಆತನ ನಾಮವನ್ನು ಬರೆಯಿಸುವುದರಲ್ಲಿ ನಮ್ಮವರು ಯಾರಿಗೂ ಹಿಂದೆ ಬಿದ್ದವರಲ್ಲ. ಆದರೆ ಆ ಪುಸ್ತಕದ ಎರಡನೆಯ ಹಾಳೆಯಿಂದ ಮುಂದಕ್ಕೆ ಯಾರ ಆಳಿಕೆ ನಡೆಯುತ್ತದೆಂದು ವಿಚಾರಿಸಹೊರಟಾಗ ಮಾತ್ರ ಮನಸ್ಸು ಅಳುಕುತ್ತದೆ. ಈ ದತ್ತಿ ಉಪನ್ಯಾಸದ ವ್ಯವಸ್ಥಾಪಕರು ಈ ವಿಷಯವನ್ನು ನನಗೆ ಒಪ್ಪಿಸಿದಾಗ, ಶಾಸ್ತ್ರಗ್ರಂಥಗಳ ಸೂಕ್ಷ್ಮ ಚರ್ಚೆಗಿಂತ ಈ ಎರಡನೆಯ ಹಾಳೆಯ ವಿಚಾರವೇ ನಮ್ಮ ನಾಡಿನವರಿಗೆ ಹೆಚ್ಚು ಪ್ರಯೋಜನಕರವೆಂದು ತೋರಿದ್ದರಿಂದ ಅದನ್ನೇ ಹಿಡಿದು ಹೊರಟಿದ್ದೇನೆ.

ಏನುಣ್ಣಬೇಕು, ಏನುಡಬೇಕು ಎಂಬ ಚಿಂತೆಯನ್ನು ಬಿಟ್ಟು ಮೊದಲು ದೇವರ ರಾಜ್ಯವನ್ನೂ ಆತನ ನೀತಿಯನ್ನೂ ಅರಸಬೇಕೆಂದು ಯೇಸುಸ್ವಾಮಿ ಬೆಟ್ಟದ ಮೇಲೆ ಕುಳಿತು ಉಪದೇಶಿಸಿದ್ದು, ಕಣಜ ತುಂಬಿದ ಶ್ರೀಮಂತರನ್ನು ಕುರಿತಲ್ಲ. ಗಲಿಲಾಯದ ಬೆಸ್ತರು, ಕೂಲಿಯಾಳುಗಳು, ಸುಂಕದ ಭಾರದಿಂದ ಬೆನ್ನು ಬಾಗಿದ ಒಕ್ಕಲು ಮಕ್ಕಳು, ಅಂದರೆ ಅಂದಿನ ಅನ್ನ ಅಂದಿಗೆ ದೊರೆತರೆ ಸಾಕೆನ್ನುವವರು ಅಲ್ಲಿ ನೆರೆದಿದ್ದರು. ಈ ಸಂಗತಿಯನ್ನು ಭೀಮೆಗೂ ಕೃಷ್ಣೆಗೂ ನಡುವಿನ ಈ ಕರಿನೆಲದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಡೋಣಿ ಹರಿದ ವರ್ಷ ಓಣಿಯೆಲ್ಲ ಜೋಳ, ಹಿಂಗಾರಿ ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಎಂಬಂತೆ ಬದುಕಿದ ಸೀಮೆ ಇದು. 1876ರಿಂದ 1878ರವರೆಗಿನ ಮಹಾಕ್ಷಾಮವು, ಆಗ ಕಲಾದಗಿ ಜಿಲ್ಲೆಯೆನಿಸಿಕೊಂಡಿದ್ದ ಈ ಪ್ರಾಂತದಲ್ಲಿ ಎಷ್ಟು ಊರುಗಳನ್ನು ಬರಿದು ಮಾಡಿತೆಂಬ ನೆನಪು, ಆ ಹೆಸರು ಅಳಿದು ಬಿಜಾಪುರ ಜಿಲ್ಲೆಯಾಗಿ, ಅದೂ ಈಗ ವಿಜಯಪುರವಾದ ಮೇಲೆಯೂ ಹಿರಿಯರ ಬಾಯಲ್ಲಿ ಉಳಿದುಕೊಂಡೇ ಬಂದಿದೆ. ಇಂಥ ನೆಲದಲ್ಲಿ ನಿಂತು ನಾಳಿನ ಚಿಂತೆ ಬೇಡವೆನ್ನುವ ಬೋಧಕನಿಗೆ, ಅಪ್ಪಾ, ನೀನು ಬರ ಕಂಡಿದ್ದೀಯಾ ಎಂಬ ಪ್ರಶ್ನೆ ಎದುರಾಗುವುದು ಸಹಜ, ಎದುರಾಗಲೂ ಬೇಕು.

ಇಲ್ಲಿಯ ಕ್ರೈಸ್ತಸಭೆಗಳು ಚಿಕ್ಕವು. ಚರಿತ್ರೆ ಮಾತ್ರ ಚಿಕ್ಕದಲ್ಲ. ಮುದ್ದೇಬಿಹಾಳದಿಂದ ಕೃಷ್ಣೆಯನ್ನು ದಾಟಿದರೆ ಸಿಗುವ ಮುದಗಲ್ಲಿನಲ್ಲಿ ಹದಿನಾರನೆಯ ಶತಮಾನದಿಂದಲೂ ಕಥೋಲಿಕ ಸಭೆಯೊಂದು ಬಾಳಿಬಂದಿದೆ. ಅದರ ಪಾದ್ರಿಗಳಿಗೆ ಬಿಜಾಪುರದ ಆದಿಲಶಾಹಿ ಅರಸರಿಂದ ದತ್ತಿಯೂ ದೊರೆತಿತ್ತೆಂಬುದು ಗೆಝೆಟಿಯರಿನಲ್ಲಿ ದಾಖಲಾದ ವಿಷಯ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದು, ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳ ಮೂಲಕ ಗುಳೇದಗುಡ್ಡದ ನೇಕಾರರ ಓಣಿಗೆ ಬಂದು, 1885ರ ಹೊತ್ತಿಗೆ ಬಿಜಾಪುರದಲ್ಲಿ ನೆಲೆಯೂರಿದರು. ಈ ಕಥೆಯನ್ನು ವಿಸ್ತರಿಸುವುದು ನನ್ನ ಉದ್ದೇಶವಲ್ಲ. ದೇವರಿಗೆ ಮೊದಲ ಸ್ಥಾನವೆಂಬ ಉಪದೇಶವು ಈ ಸೀಮೆಗೆ ಸಮುದ್ರದಾಚೆಯಿಂದ ಬಂದ ಹೊಸ ಮಾತಾಗಿರಲಿಲ್ಲವೆಂಬುದನ್ನಷ್ಟೇ ಇಲ್ಲಿ ಹೇಳಬೇಕಾಗಿದೆ. ಆ ಮಾತು ನೆಲದಲ್ಲಿ ಮೊದಲೇ ಇತ್ತು, ಕಣದಲ್ಲಿ ಇತ್ತು.

ಹಂತಿ ಹೊಡೆದು ರಾಶಿ ಮಾಡುತ್ತಿದ್ದ ದಿನಗಳನ್ನು ಕಂಡವರು ಇಲ್ಲಿ ಇನ್ನೂ ಅನೇಕರಿದ್ದೀರಿ. ನಡುವೆ ಮೇಟಿ, ಸುತ್ತ ಎತ್ತುಗಳ ಸಾಲು, ರಾತ್ರಿಯೆಲ್ಲ ಹಂತಿಯ ಹಾಡು. ತೂರಿ ಕಸ ಕಳೆದ ಬಿಳಿಜೋಳವನ್ನು ಗುಂಪೆ ಮಾಡಿ, ಪೂಜೆ ಮಾಡಿ, ಅಳೆಯಲು ಕುಳಿತವನು ಮೊದಲ ಸೇರನ್ನು ಒಂದೆಂದು ಎಣಿಸದೆ ಲಾಭವೆಂದು ಕೂಗಿ ಸುರುವುತ್ತಿದ್ದ. ಒಡೆಯನ ಚೀಲಗಳ ಬಾಯಿ ಹೊಲಿಯುವುದಕ್ಕೆ ಮುಂಚೆ ಬಡಿಗ, ಕಮ್ಮಾರ, ಅಗಸ, ನಾವಿಂದ ಮೊದಲಾದ ಆಯಗಾರರ ಪಾಲು ಕಣದಲ್ಲಿಯೇ ಎದ್ದುಹೋಗುತ್ತಿತ್ತು. ಭಿಕ್ಷುಕನಿಗೂ ಮೊರ ತುಂಬ ಬೀಳುತ್ತಿತ್ತು. ಎಳ್ಳಮಾವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದವರು ಭೂಮಿಗೆ ಚರಗ ಚೆಲ್ಲುವ ಮುನ್ನ ಕಡುಬನ್ನಾಗಲಿ ಹೋಳಿಗೆಯನ್ನಾಗಲಿ ಬಾಯಿಗಿಡುವುದಿಲ್ಲ. ಈ ಆಚರಣೆಗಳ ಹಿಂದಿರುವ ದೈವಭಾವನೆಯನ್ನು ಕ್ರೈಸ್ತನು ಹಾಗೆಯೇ ಒಪ್ಪಲಾರ, ಒಪ್ಪಿದೆನೆಂದು ನಟಿಸಲೂಬಾರದು. ಅಷ್ಟಾದರೂ ಉಣ್ಣುವ ಮೊದಲು ಕೊಡುವುದೆಂಬ ಕ್ರಮವನ್ನು ಆತನು ಪುಸ್ತಕದಿಂದ ಕಲಿಯುವುದಕ್ಕೆ ಮುಂಚೆ ನೆರೆಯವನ ಹೊಲದಲ್ಲಿ ಕಣ್ಣಾರೆ ಕಂಡಿದ್ದಾನೆ.

ಇದೇ ಕ್ರಮವು ಧರ್ಮೋಪದೇಶಕಾಂಡದ ಇಪ್ಪತ್ತಾರನೆಯ ಅಧ್ಯಾಯದಲ್ಲಿದೆ. ಇಸ್ರಾಯೇಲಿನ ಒಕ್ಕಲಿಗನು ಭೂಮಿಯ ಪ್ರಥಮಫಲವನ್ನು ಪುಟ್ಟಿಯಲ್ಲಿಟ್ಟುಕೊಂಡು ಯಾಜಕನ ಬಳಿಗೆ ಹೋಗಿ, ತನ್ನ ಪೂರ್ವಿಕರು ನೆಲೆಯಿಲ್ಲದೆ ಅಲೆದವರೆಂಬುದನ್ನೂ ಪರದೇಶದಲ್ಲಿ ಬಿಟ್ಟಿಬೇಗಾರಿ ಮಾಡಿದವರೆಂಬುದನ್ನೂ ಬಾಯಿಬಿಟ್ಟು ಹೇಳಿ, ಆಮೇಲೆ ಪುಟ್ಟಿಯನ್ನು ಇಳುಹಬೇಕು. ಹಾಗಾದರೆ ಆ ಪುಟ್ಟಿಯಲ್ಲಿದ್ದುದು ಎಲ್ಲಿಗೆ ಹೋಯಿತು? ಹೊಲವಿಲ್ಲದ ಲೇವಿಯನೂ ಪರದೇಶಿಯೂ ಈ ಸಂತೋಷದಲ್ಲಿ ಪಾಲುಗಾರರಾಗಬೇಕೆಂದು ಅಲ್ಲಿಯೇ ಹೇಳಿದೆ. ಅದರ ಬೆನ್ನಿಗೇ ಬರುವ ಮೂರನೆಯ ವರ್ಷದ ದಶಮಾಂಶದ ವಿಧಿಯಲ್ಲಿ ತಬ್ಬಲಿಯೂ ವಿಧವೆಯೂ ಸೇರಿ, ಅವರು ಹೊಟ್ಟೆ ತುಂಬ ಉಣ್ಣಬೇಕೆಂಬ ಮಾತು ಬರುತ್ತದೆ. ದೇವರಿಗೆಂದು ಎತ್ತಿಟ್ಟ ಮೊದಲ ಪಾಲು ಕೊನೆಗೆ ಹಸಿದವನ ಗಂಗಾಳಕ್ಕೆ ಸೇರುತ್ತದೆ. ಎಂತಲೇ ಇದನ್ನು ಬರಿಯ ಭಕ್ತಿಯ ಅಲಂಕಾರವೆಂದು ತಿಳಿದವರು ತಪ್ಪು ತಿಳಿದಿದ್ದಾರೆ.

ಚಾರೆಪ್ತದ ವಿಧವೆಯ ಪ್ರಸಂಗವನ್ನು ಈ ಬೆಳಕಿನಲ್ಲಿಯೇ ಓದಬೇಕು. ಮಡಕೆಯಲ್ಲಿ ಒಂದು ಹಿಡಿ ಹಿಟ್ಟು, ಮೊಗೆಯಲ್ಲಿ ತಳ ಹತ್ತಿದ ಎಣ್ಣೆ. ಎರಡು ಕಟ್ಟಿಗೆ ಆಯ್ದು ತಂದು, ಒಲೆ ಹೊತ್ತಿಸಿ, ಇದ್ದ ಹಿಟ್ಟಿನಿಂದ ರೊಟ್ಟಿ ಬಡಿದು, ತಾನೂ ಮಗನೂ ತಿಂದು, ಆಮೇಲೆ ಸಾಯುವುದೇ ಸರಿಯೆಂದು ನಿಶ್ಚಯಿಸಿದ್ದ ಆ ಹೆಂಗಸಿಗೆ ಪ್ರವಾದಿಯಾದ ಎಲೀಯನು, ಮೊದಲು ತನಗೊಂದು ರೊಟ್ಟಿ ಮಾಡಿಕೊಡೆಂದು ಕೇಳುತ್ತಾನೆ. ಜೋಳದ ರೊಟ್ಟಿಯ ಈ ನಾಡಿನಲ್ಲಿ ಈ ಕಥೆಯನ್ನು ಕೇಳಿದ ಯಾವ ತಾಯಿಗೂ ಮೊದಲು ಸಿಟ್ಟೇ ಬರಬೇಕು. ಬರದಿದ್ದರೆ ಆಕೆ ಕಥೆಯನ್ನು ಸರಿಯಾಗಿ ಕೇಳಿಲ್ಲ. ಉಪದೇಶಿಗಳಲ್ಲಿ ಕೆಲವರು ಇದನ್ನು ಕಾಣಿಕೆ ವಸೂಲಿಯ ಪಾಠವನ್ನಾಗಿ ಮಾಡಿ, ಕೊಟ್ಟರೆ ಹತ್ತು ಪಟ್ಟು ಬರುವುದೆಂದು ಬಡವರ ಗಂಟು ಬಿಚ್ಚಿಸುವುದನ್ನು ನಾನು ಬಲ್ಲೆ, ಮತ್ತು ಅದನ್ನು ಪಾಪವೆಂದೇ ಎಣಿಸುತ್ತೇನೆ. ಎಲೀಯನು ಸ್ವತಃ ಹಸಿದವನು. ಅದೇ ಬರದಿಂದ ಹಳ್ಳ ಬತ್ತಿಹೋಗಿ ಪರದೇಶಕ್ಕೆ ಬಂದವನು. ರೊಟ್ಟಿ ಇಸಿದುಕೊಂಡು ತನ್ನ ದಾರಿ ಹಿಡಿಯದೆ ಬಹುದಿನಗಳವರೆಗೆ ಅದೇ ಮನೆಯಲ್ಲಿ, ಅದೇ ಮಡಕೆಯ ಹಿಟ್ಟನ್ನು ನೆಚ್ಚಿ ಉಳಿದವನು. ಆಕೆಯ ಮಗ ಉಸಿರು ಬಿಟ್ಟಾಗ ಆ ದುಃಖದಲ್ಲಿಯೂ ಪಾಲುಗಾರನಾದವನು. ದೇವರ ಹೆಸರಿನಲ್ಲಿ ಮೊದಲ ಪಾಲು ಕೇಳುವ ಅಧಿಕಾರವು, ಕೊಟ್ಟವರ ಮಡಕೆಯ ಪಾಡನ್ನು ತನ್ನ ಪಾಡಾಗಿ ಮಾಡಿಕೊಳ್ಳುವವನಿಗೆ ಮಾತ್ರ ಉಂಟು.

ಅಡುಗೆಗೆ ಅಳೆಯುವಾಗಲೇ ಒಂದು ಹಿಡಿಯನ್ನು ಬೇರೆ ಪಾತ್ರೆಗೆ ಹಾಕುವ ರೂಢಿ ಕೇರಳದ ಕ್ರೈಸ್ತರಲ್ಲಿ ಪಿಡಿಯರಿಯೆಂಬ ಹೆಸರಿನಿಂದಲೂ, ಮಿಜೋರಾಮಿನಲ್ಲಿ ಬುಹ್‌ಫೈ ಥಾಮ್ ಎಂಬ ಹೆಸರಿನಿಂದಲೂ ನಡೆದುಬಂದಿದೆ. ಮಿಜೋ ಹೆಂಗಸರ ಈ ಹಿಡಿಯಕ್ಕಿಯಿಂದ ಅಲ್ಲಿಯ ಸಭೆಗಳ ಕಾರ್ಯಕ್ಕೆ ಬಲವಾದ ಆಸರೆ ದೊರೆತಿದೆ. ನಮ್ಮ ಕಡೆಯ ಮಠಗಳ ದಾಸೋಹಕ್ಕೂ ಮನೆಮನೆಯ ಹಿಡಿಧಾನ್ಯವೇ ಬೇರಲ್ಲವೆ? ಈ ರೂಢಿಯಲ್ಲಿ ಮೆಚ್ಚತಕ್ಕದ್ದು ಆ ಹಿಡಿಯ ಪ್ರಮಾಣವಲ್ಲ. ಅದು ತೆಗೆಯಲ್ಪಡುವ ಹೊತ್ತು. ಉಂಡು ಮಿಕ್ಕಿದ್ದನ್ನು ಕೊಡುವವನ ಮನೆಯಲ್ಲಿ ಒಂದು ದಿನ ಮಿಗುತ್ತದೆ, ಒಂದು ದಿನ ಮಿಗುವುದಿಲ್ಲ. ಒಲೆಯ ಮೇಲೆ ಎಸರು ಕುದಿಯುವಾಗಲೇ ತೆಗೆದಿಟ್ಟವಳ ಮನೆಯಲ್ಲಿ ಉಳಿದ ಅಡುಗೆಯೆಲ್ಲ ಆ ಹಿಡಿಗೆ ಹೊಂದಿಕೊಂಡೇ ಆಗುತ್ತದೆ.

ಇನ್ನು ಪರ್ವತಪ್ರಸಂಗಕ್ಕೆ ಮರಳೋಣ. ಮತ್ತಾಯನ ಸುವಾರ್ತೆಯ ಐದು, ಆರು, ಏಳನೆಯ ಅಧ್ಯಾಯಗಳನ್ನು ಒಂದೇ ಬೈಠಕ್ಕಿನಲ್ಲಿ ಓದಿದರೆ, ಮೊದಲು ಮಾಡಬೇಕಾದುದನ್ನು ಸ್ವಾಮಿ ಮೂರು ಸಲ ವಿಧಿಸಿರುವುದು ಕಾಣುತ್ತದೆ. ಆರನೆಯ ಅಧ್ಯಾಯದಲ್ಲಿರುವ, ದೇವರ ರಾಜ್ಯವನ್ನು ಮೊದಲು ಅರಸುವ ವಿಧಿ ಎಲ್ಲರಿಗೂ ಕಂಠಪಾಠ. ಐದನೆಯದರಲ್ಲಿಯೋ, ಯಜ್ಞವೇದಿಯ ತನಕ ಕಾಣಿಕೆಯನ್ನು ತಂದವನಿಗೆ ತನ್ನ ಸಹೋದರನ ಮನಸ್ಸಿನಲ್ಲಿ ತನ್ನ ಮೇಲೆ ಏನೋ ಇದೆಯೆಂಬುದು ಅಲ್ಲಿ ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು, ಮೊದಲು ಹೋಗಿ ಸಮಾಧಾನ ಮಾಡಿಕೊಂಡು, ಆಮೇಲೆ ಬರಬೇಕೆಂಬ ವಿಧಿಯಿದೆ. ಏಳನೆಯದರಲ್ಲಿ, ಪರರ ಕಣ್ಣಿನ ರವೆಯನ್ನು ತೆಗೆಯಹೊರಟವನು ಮೊದಲು ತನ್ನ ಕಣ್ಣಿನ ತೊಲೆಯನ್ನು ತೆಗೆದುಕೊಳ್ಳಬೇಕೆಂಬುದಿದೆ. ದೇವರು ಮೊದಲೆಂದ ಅದೇ ಬಾಯಿ ಅಣ್ಣತಮ್ಮಂದಿರೂ ಮೊದಲು, ನಿನ್ನ ಸ್ವಂತ ದೋಷವೂ ಮೊದಲು ಎಂದಿತು. ಇದು ವಿರೋಧವೆಂದು ತೋರುವುದು, ದೇವರನ್ನು ಸರತಿಯ ಸಾಲಿನ ಮುಂದೆ ನಿಲ್ಲಿಸಿ ಉಳಿದವರನ್ನೆಲ್ಲ ಹಿಂದೆ ನಿಲ್ಲಿಸಿದವರಿಗೆ. ದೇವರು ಆ ಸಾಲಿನಲ್ಲಿಯೇ ಇಲ್ಲ. ಸಾಲಿನ ಪ್ರತಿಯೊಬ್ಬನಿಗೂ ಸಲ್ಲತಕ್ಕುದನ್ನು ಸಲ್ಲಿಸುವಲ್ಲಿ ಆತನ ಅಗ್ರಸ್ಥಾನವು ಪ್ರಕಟವಾಗುತ್ತದೆ.

ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳವರು ಇದಕ್ಕೆ ದೃಷ್ಟಾಂತವನ್ನು ದೂರ ಹುಡುಕಬೇಕಾಗಿಲ್ಲ. ಲಾಲ್ ಬಹಾದ್ದೂರ ಶಾಸ್ತ್ರಿಯವರು 1964ರಲ್ಲಿ ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟ ಆಣೆಕಟ್ಟು ಮೇಲೇರಿದಂತೆಲ್ಲ ಹಿನ್ನೀರು ಹೊಲಮನೆಗಳನ್ನು ನುಂಗುತ್ತ ಬಂದು, ಅದರ ಹಿಂದೆಯೇ ಪರಿಹಾರದ ಹಣವೂ ಬಂತು. ನೆಲವಿದ್ದಾಗ ಒಂದೇ ಬಾವಿಯ ನೀರು ಹಾಯಿಸಿ ಉಂಡ ಅಣ್ಣತಮ್ಮಂದಿರು ಚೆಕ್ಕು ಬಂದಾಗ ವಾಟ್ನಿಗಾಗಿ ಕೋರ್ಟು ಹತ್ತಿದ ಮನೆತನಗಳು ಎಲ್ಲ ಮತದವರಲ್ಲಿಯೂ ಉಂಟು, ನಮ್ಮವರಲ್ಲಿಯೂ ಉಂಟು. ಐತವಾರದ ಆರಾಧನೆಯಲ್ಲಿ ಅಣ್ಣನು ಬಲಗಡೆಯ ಬೆಂಚಿನಲ್ಲಿ, ತಮ್ಮನು ಎಡಗಡೆಯ ಬೆಂಚಿನಲ್ಲಿ ಕುಳಿತು, ಒಂದೇ ಗೀತೆಯನ್ನು ಹಾಡಿ, ಒಂದೇ ಕಾಣಿಕೆಚೀಲಕ್ಕೆ ಕೈಯಿಳಿಸಿ, ಹೊರಗೆ ಬಂದಮೇಲೆ ಮೋರೆ ತಿರುವಿ ಹೋಗುವ ನೋಟ ಯಾವ ಊರಿನಲ್ಲಿಲ್ಲ? ಇವರಿಬ್ಬರಿಗೂ ದೇವರು ಮೊದಲು. ಸಭಾಪಾಲಕರಲ್ಲಿ ಧೈರ್ಯವಿದ್ದವರು ಆ ಕಾಣಿಕೆಯನ್ನು ಹಿಂದಕ್ಕೆ ಕೊಟ್ಟು ಐದನೆಯ ಅಧ್ಯಾಯವನ್ನು ತೋರಿಸಬೇಕಾಗಿತ್ತು. ಛಾವಣಿಯ ತಗಡು ಬದಲಿಸುವ ಖರ್ಚು ನೆನಪಾಗಿ ಬಹುಶಃ ಸುಮ್ಮನಿರುತ್ತಾರೆ.

ಕೊರ್ಬಾನೆಂಬ ಯೆಹೂದ್ಯರ ಪದ್ಧತಿಯ ಖಂಡನೆಯೂ ಇದೇ ಜಾತಿಯದು. ತಾಯಿತಂದೆಗಳಿಗೆ ಸಲ್ಲಬೇಕಾದುದನ್ನು ದೇವರಿಗೆ ಮುಡಿಪೆಂದು ಸಾರಿ ಕೈ ತೊಳೆದುಕೊಳ್ಳುವವನು ದೇವರ ಮಾತನ್ನೇ ನಿರರ್ಥಕ ಮಾಡುತ್ತಾನೆಂದು ಸ್ವಾಮಿ ನುಡಿದದ್ದು ಮಾರ್ಕನ ಏಳನೆಯ ಅಧ್ಯಾಯದಲ್ಲಿದೆ. ವಾರದಲ್ಲಿ ನಾಲ್ಕು ಸಂಜೆ ಪ್ರಾರ್ಥನಾಕೂಟ, ಒಂದು ರಾತ್ರಿ ಜಾಗರಣೆ. ಮನೆಯಲ್ಲಿ ಮುದುಕಿಯ ಬಿ.ಪಿ. ಗುಳಿಗೆ ತೀರಿ ಎಂಟು ದಿನವಾದರೂ ತಂದುಕೊಡುವವರಿಲ್ಲ. ಇದಕ್ಕೆ ಹೆಚ್ಚಿನ ವ್ಯಾಖ್ಯಾನ ಬೇಕಿಲ್ಲ.

ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನೆಲದಲ್ಲಿ ನಿಂತು ಈ ವಿಷಯವನ್ನು ಎತ್ತಿದವನು ಕಾಯಕದ ಮಾತನ್ನು ದಾಟಿ ಹೋಗಲಾರ. ಹುಲ್ಲು ಕೊಯ್ಯುವಾಗ ಕೊರಳ ಲಿಂಗ ನೀರಿಗೆ ಬಿದ್ದರೂ ಹಗ್ಗ ಹೊಸೆದು ದಾಸೋಹ ನಡೆಸುವ ಕೆಲಸವನ್ನು ಬಿಡದ ನುಲಿಯ ಚಂದಯ್ಯನ ಕಥೆ, ಗಂಡ ಹೆಚ್ಚಾಗಿ ಆಯ್ದುತಂದ ಅಕ್ಕಿಯನ್ನು ತಿರುಗಿ ಸುರಿದು ಬಾರೆಂದು ಕಳುಹಿದ ಆಯ್ದಕ್ಕಿ ಲಕ್ಕಮ್ಮನ ಕಥೆ ಇಲ್ಲಿಯ ಕ್ರೈಸ್ತ ಮಕ್ಕಳೂ ಶಾಲೆಯಲ್ಲಿ ಕಲಿತು ಬೆಳೆದವು. ಅರಣ್ಯದಲ್ಲಿ ಮನ್ನವನ್ನು ಅಂದಂದಿಗೆ ಬೇಕಾದಷ್ಟೇ ಕೂಡಿಸಬೇಕೆಂದೂ ಹೆಚ್ಚು ಕೂಡಿಸಿಟ್ಟದ್ದು ಹುಳ ಬಿದ್ದು ನಾರಿತೆಂದೂ ವಿಮೋಚನಕಾಂಡದಲ್ಲಿ ಓದಿದವರಿಗೆ ಲಕ್ಕಮ್ಮ ಪರಕೀಯಳೆಂದು ತೋರಲಾರಳು. ಹಾಗೆಂದು ಎರಡೂ ಒಂದೇ ಎಂದು ಸಾರಿ ಚಪ್ಪಾಳೆ ಗಿಟ್ಟಿಸುವುದು ನನಗೆ ಒಪ್ಪಿಗೆಯಿಲ್ಲ. ಶರಣರ ಕಾಯಕತತ್ತ್ವಕ್ಕೂ ಅಪೊಸ್ತಲ ಪೌಲನ ಕೃಪಾಸಿದ್ಧಾಂತಕ್ಕೂ ಬೇರೆ ಬೇರೆ ಬುಡಗಳಿವೆ, ಅವನ್ನು ಕಲಸಿದರೆ ಎರಡಕ್ಕೂ ಅನ್ಯಾಯ. ಆದರೆ ಡೇರೆ ಹೊಲಿದು ಹೊಟ್ಟೆ ಹೊರೆದ ಪೌಲನೂ ಹಗ್ಗ ಹೊಸೆದ ಚಂದಯ್ಯನೂ ಒಂದೂರಿನಲ್ಲಿ ಎದುರಾಗಿದ್ದರೆ ಕೈಯ ಜಡ್ಡು ನೋಡಿಯೇ ಒಬ್ಬರನ್ನೊಬ್ಬರು ಗುರುತಿಸುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ.

ಈ ವಿವೇಕವನ್ನು ಬಾಳಿ ತೋರಿಸಿದವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಶನ್ನಿನ ಪಾದ್ರಿಯಾಗಿ, ಕ್ರಿಸ್ತನನ್ನು ಬಿಟ್ಟು ಬೇರೊಬ್ಬನನ್ನು ತಮ್ಮ ಒಡೆಯನೆನ್ನದೆ, ಆ ನಿಷ್ಠೆಯ ಬಲದಿಂದಲೇ ಹಳ್ಳಿಹಳ್ಳಿ ತಿರುಗಿ ಓಲೆಗರಿಗಳಿಂದಲೂ ಜನರ ಬಾಯಿಂದಲೂ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಅನುಭವಮಂಟಪದ ಐತಿಹಾಸಿಕತೆಯನ್ನು ಸ್ಥಾಪಿಸಲು ಗ್ರಂಥ ಬರೆದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇರಿದರು. ಅದೇ ಕಾಲದಲ್ಲಿ ಬಿಜಾಪುರದಲ್ಲಿ ಕುಳಿತು, ಮನೆ ಮಾರಿ ಮುದ್ರಣಾಲಯ ಹಾಕಿ ವಚನಗಳನ್ನು ಅಚ್ಚು ಹಾಕಿಸಿದ ಫ. ಗು. ಹಳಕಟ್ಟಿಯವರನ್ನು ಇವರ ಪಕ್ಕದಲ್ಲಿ ನೆನೆಯದಿರುವುದು ಕಷ್ಟ. ತನ್ನ ದೇವರಿಗೆ ಮೊದಲ ಸ್ಥಾನ ಕೊಟ್ಟವನು ನೆರೆಯವನ ದೇವರನ್ನು ಹಳಿಯಬೇಕಾಗುತ್ತದೆಂಬ ಭಯ ಇರುವವರು ಚನ್ನಪ್ಪನವರ ಜೀವನವನ್ನು ಓದತಕ್ಕದ್ದು.

ಈಗ ಈ ಪ್ರಾಂತದ ಒಂದು ಕಠಿಣ ಪ್ರಶ್ನೆ. ದಿನದ ಮೊದಲ ಗಳಿಗೆ, ವಾರದ ಮೊದಲ ದಿನ, ಆದಾಯದ ಮೊದಲ ಭಾಗ ದೇವರಿಗೆ ಸಲ್ಲಬೇಕೆಂದು ನಾವು ಬೋಧಿಸುತ್ತೇವೆ, ಒಳ್ಳೆಯದು. ಆದರೆ ದೀಪಾವಳಿಗೆ ಮುಂಚೆ ಮುಕಾದಮನಿಂದ ಮುಂಗಡ ತೆಗೆದುಕೊಂಡು, ಹೆಂಡತಿ ಮಕ್ಕಳೊಡನೆ ಲಾರಿ ಹತ್ತಿ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದವನ, ಅಥವಾ ಗೋವೆಯ ಕಟ್ಟಡಗಳಲ್ಲಿ ಸಿಮೆಂಟು ಹೊರುವವನ ದಿನದ ಮೊದಲ ಗಳಿಗೆ ಯಾರದು? ಅದು ಮುಂಗಡದ ದಿನವೇ ಮಾರಾಟವಾಗಿ ಹೋಗಿದೆ. ನಸುಕಿನ ಮೂರು ಗಂಟೆಗೆ ಕಬ್ಬಿನ ಗದ್ದೆಯಲ್ಲಿ ಕೊಯ್ತಾ ಹಿಡಿದು ನಿಂತವನಿಗೆ, ಮಂಚದಿಂದಿಳಿದ ಕೂಡಲೆ ಅರ್ಧ ತಾಸು ಏಕಾಂತಧ್ಯಾನ ಮಾಡೆಂದು ಫ್ಯಾನಿನ ಕೆಳಗೆ ಕುಳಿತವರು ಬರೆದ ದಿನಧ್ಯಾನದ ಪುಸ್ತಕವು ಏನು ನೆರವಾದೀತು?

ಈ ಪ್ರಶ್ನೆ ಹೊಸದಲ್ಲ. ಆದಿಸಭೆಯಲ್ಲಿ ಅನೇಕರು ದಾಸರಾಗಿದ್ದರು. ಅವರ ಹಗಲೆಲ್ಲ ಯಜಮಾನರದು. ಕ್ರಿ.ಶ. 112ರ ಸುಮಾರಿಗೆ ಬಿಥೂನ್ಯದ ಅಧಿಪತಿ ಪ್ಲಿನಿಯು ಟ್ರಾಜನ್ ಚಕ್ರವರ್ತಿಗೆ ಬರೆದ ಪತ್ರದಲ್ಲಿ, ತಾನು ವಿಚಾರಣೆಗೆ ಎಳೆತಂದ ಕ್ರೈಸ್ತರು ಗೊತ್ತಾದ ದಿನ ಬೆಳಕು ಹರಿಯುವುದಕ್ಕೆ ಮುಂಚೆ ಕೂಡಿ ಕ್ರಿಸ್ತನನ್ನು ದೇವರೆಂದು ಸ್ತುತಿಸುತ್ತಾರೆಂದು ವರದಿ ಮಾಡಿದ್ದಾನೆ. ಅಲ್ಲಿಗೆ ನಿಲ್ಲಿಸಿದ್ದರೆ ಪ್ರಾತಃಕಾಲದ ಪ್ರಾರ್ಥನೆಗೆ ಅದೊಂದು ಪ್ರಮಾಣವಾಗುತ್ತಿತ್ತು, ಅಷ್ಟೆ. ಆದರೆ ಅವರು ಅಲ್ಲಿ ಆಣೆಯಿಟ್ಟು ಒಡಂಬಟ್ಟದ್ದೇನೆಂಬುದನ್ನೂ ಆತ ಬರೆಯುತ್ತಾನೆ: ಕಳವು ಮಾಡಬಾರದು, ದರೋಡೆ ಮಾಡಬಾರದು, ವ್ಯಭಿಚಾರ ಕೂಡದು, ಕೊಟ್ಟ ಮಾತಿಗೆ ತಪ್ಪಬಾರದು, ನಂಬಿ ಇರಿಸಿದ ಒತ್ತೆಯನ್ನು ತಿರುಗಿ ಕೇಳಿದಾಗ ಇಲ್ಲವೆನ್ನಬಾರದು. ಕ್ರೈಸ್ತನಲ್ಲದ ಅಧಿಕಾರಿಯೊಬ್ಬನು, ಇವರಲ್ಲಿ ದಂಡನಾರ್ಹವಾದುದೇನಿದೆಯೆಂದು ಹುಡುಕುತ್ತ ಬರೆದಿಟ್ಟ ಈ ಸಾಕ್ಷ್ಯದಲ್ಲಿ, ಕತ್ತಲಲ್ಲಿ ಕೂಡಿದವರ ಮೊದಲ ಗಳಿಗೆಯು ಹಗಲಿನ ವ್ಯವಹಾರಕ್ಕೆ ಹೇಗೆ ಕಟ್ಟುಬಿದ್ದಿತ್ತೆಂಬುದು ಸ್ಪಷ್ಟವಾಗಿದೆ.

ಆದಕಾರಣ ಗಳಿಗೆಯನ್ನು ಮಾರಿಕೊಂಡವನೂ ದೇವರಿಗೆ ಮೊದಲ ಸ್ಥಾನ ಕೊಡಬಲ್ಲ. ಗಳಿಗೆಯ ಒಡೆಯನಾದವನಿಗೆ ತಪ್ಪಿಸಿಕೊಳ್ಳುವ ದಾರಿಗಳು ಹೆಚ್ಚು. ಅಡತಿ ಅಂಗಡಿಯಲ್ಲಿ ತೊಗರಿಯ ಚೀಲ ತಕ್ಕಡಿಗೇರಿದಾಗ ಮಣ್ಣು, ಹಸಿ ಎಂದು ಹೇಳಿ ಎಷ್ಟು ಕಿಲೋ ಮುರಿಯುತ್ತಾನೆಂಬಲ್ಲಿ. ಇಂಡಿಯ ನಿಂಬೆಹಣ್ಣಿನ ಚೀಲದ ಬಾಯಲ್ಲಿ ದಪ್ಪ ಹಣ್ಣು, ಅಡಿಯಲ್ಲಿ ಉಂಡಿಗಾಯಿ ತುಂಬುತ್ತಾನೋ ಇಲ್ಲವೋ ಎಂಬಲ್ಲಿ. ಆಳಿನ ಪಗಾರವನ್ನು ಶನಿವಾರ ಸಂಜೆಯೇ ಕೊಡುತ್ತಾನೋ, ಸಂತೆ ಮುಗಿದ ಮೇಲೆ ಕೊಡುತ್ತಾನೋ ಎಂಬಲ್ಲಿ ಅವನ ಮೊದಲು ಯಾರೆಂಬುದು ತಿಳಿಯುತ್ತದೆ. ಐತವಾರವೇ ಸಂತೆ ಬೀಳುವ ಊರಿನಲ್ಲಿ ಕಾಯಿಪಲ್ಲೆ ಮಾರುವ ಹೆಂಗಸು ಆರಾಧನೆಗೆ ತಪ್ಪಿದಳೆಂದು ಹಿರಿಯರು ಗದರುತ್ತಾರೆ. ಆಕೆಗಾಗಿ ಆರಾಧನೆಯನ್ನು ಬೆಳಗಿನ ಆರು ಗಂಟೆಗೆ ಇಡಬಹುದೆಂಬುದು ಅವರಿಗೆ ಹೊಳೆಯುವುದಿಲ್ಲ.

ಹಗ್ಗಾಯ ಪ್ರವಾದಿಯನ್ನು ಎತ್ತಿಕೊಂಡು ನನಗೆ ಆಕ್ಷೇಪ ಹೇಳುವವರು ಇರಬಹುದು: ಜನರು ಹಲಗೆ ಹೊದಿಸಿದ ಮನೆಗಳಲ್ಲಿ ಹಾಯಾಗಿದ್ದು ದೇವಾಲಯವನ್ನು ಹಾಳುಬಿಟ್ಟರೆಂದು ಆತನು ಗದರಿಸಲಿಲ್ಲವೆ, ಆದ್ದರಿಂದ ದೇವಾಲಯದ ಕಟ್ಟಡವೇ ಮೊದಲಲ್ಲವೆ ಎಂದು. ಹಲಗೆ ಹೊದಿಸಿದ ಮನೆಯವರಿಗೆ ಆ ಮಾತು ಸಲ್ಲುತ್ತದೆ, ಸಲ್ಲಲಿ. ತಗಡಿನ ಶೆಡ್ಡಿನಲ್ಲಿ ಇರುವವರಿಗೆ ಯೆಶಾಯನ ಐವತ್ತೆಂಟನೆಯ ಅಧ್ಯಾಯವಿದೆ. ಹಸಿದವನಿಗೆ ಅನ್ನವನ್ನೂ ಅಲೆಯುವವನಿಗೆ ಮನೆಯನ್ನೂ ಕೊಡುವುದೇ ದೇವರು ಮೆಚ್ಚುವ ಉಪವಾಸವೆಂದು ಅಲ್ಲಿ ಹೇಳಿದೆ.

ನನ್ನದೊಂದು ಸೂಚನೆಯುಂಟು. ಸುಗ್ಗಿಯ ಹಬ್ಬದ ದಿನ ನಮ್ಮ ಸಭೆಗಳಿಗೆ ಜೋಳದ ತೆನೆ, ಕುಂಬಳಕಾಯಿ, ಕೋಳಿ, ತತ್ತಿಗಳು ಬರುತ್ತವೆ. ಆರಾಧನೆ ಮುಗಿದ ಮೇಲೆ ಲಿಲಾವು ನಡೆದು, ಒಂದು ತತ್ತಿಗೆ ನೂರು ರೂಪಾಯಿ ಏರಿಸಿದವನ ಹೆಸರನ್ನು ಎಲ್ಲರೂ ಕೊಂಡಾಡುತ್ತಾರೆ. ಆ ದುಡ್ಡು ಕಂಪೌಂಡಿಗೋ ಮೈಕಿಗೋ ಸುಣ್ಣಬಣ್ಣಕ್ಕೋ ಹೋಗುತ್ತದೆ. ಅದರ ಬದಲು, ವಾರ್ಷಿಕ ಅಂದಾಜುಪತ್ರದ ಮೊದಲನೆಯ ಸಾಲಿನಲ್ಲಿ, ಗುಳೆ ಹೋದ ಮನೆತನಗಳ ಮಕ್ಕಳು ಊರಿನಲ್ಲಿಯೇ ಉಳಿದು ಶಾಲೆ ಕಲಿಯುವುದಕ್ಕೂ, ಹಿಂದುಳಿದ ಮುದುಕರ ಔಷಧಕ್ಕೂ ಒಂದು ಮೊತ್ತವನ್ನು ಬರೆದು, ಆಮೇಲೆ ಎರಡನೆಯ ಸಾಲಿಗೆ ಹೋಗಬೇಕು. ಆ ಮಕ್ಕಳು ಕ್ರೈಸ್ತರೇ ಆಗಿರಬೇಕೆಂಬ ನಿರ್ಬಂಧ ಬೇಡ. ಧರ್ಮೋಪದೇಶಕಾಂಡದ ಪರದೇಶಿಯು ಇಸ್ರಾಯೇಲನಾಗಿರಲಿಲ್ಲ. ಮಾರ್ಚ್ ತಿಂಗಳಲ್ಲಿ ಲೆಕ್ಕಪತ್ರಗಳ ಕೂಟ ಸೇರುವಾಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲೂಕುಗಳ ಸಭೆಯ ಹಿರಿಯರು ಇದನ್ನು ಚರ್ಚೆಗೆ ತೆಗೆದುಕೊಳ್ಳಬೇಕು. ವಿರೋಧವಿದ್ದವರು ಅದೇ ಕೂಟದಲ್ಲಿ, ಬರವಣಿಗೆಯಲ್ಲಿ, ಕಾರಣಸಹಿತ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.